ಯಾರೂ ಬಳಸದ ಪ್ಯಾಕೇಜು

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿ ನಿಂತಿದ್ದರು. ತಂಗಿ ಯಾವುದೋ ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಅಂತ ಮಾತಿನಲ್ಲೇ ತಿಳಿಯಿತು.

"ಕಂಪ್ಯೂಟರಿನ ಲಿನಕ್ಸಲ್ಲಿ ಬೇಡದ ಪ್ಯಾಕೇಜುಗಳು, ಅಂದ್ರೆ ಯಾರೂ ಬಳಸದ ಸಾಫ್ಟ್‌ವೇರುಗಳು, ತುಂಬಿಹೋಗಿದ್ವು ಅಕ್ಕ. ಶುಕ್ರವಾರ ಎಲ್ಲಾ ಮಷೀನಲ್ಲೂ ಒಟ್ಟಿಗೇ ತೆಗೆದುಹಾಕಿದೆ."

"ತೆಗೆಯೋ ಮುಂಚೆ ಪಟ್ಟಿ ತೋರಿಸಲ್ವಾ ಅದು?"

"ತೋರಿಸ್ತು. ಅದರ ಹೆಸರೂ ಕಣ್ಣಿಗೆ ಬಿತ್ತು. ಯಾರು ಬಳಸ್ತಾರೆ ಇದನ್ನ ಅಂದ್ಕೊಂಡು ಒತ್ತಿಬಿಟ್ಟೆ."

"ಯಾವುದರ ಹೆಸರು?"

"ಪರದೆ ಮೇಲಿರೋದನ್ನ ಓದಿ ಹೇಳೋ ಪ್ಯಾಕೇಜು."

ಅಕ್ಕ ಅವಳ ಕಡೆ ತಿರುಗಿದಳು. "ಕಣ್ಣು ಕಾಣದ ಮೇಷ್ಟ್ರು ಅಂತಿದ್ದೆಯಲ್ಲ, ಪುಸ್ತಕಗಳ ಕ್ಯಾಟಲಾಗ್ ಮಾಡೋರು..."

"ಅವರದೇ. ಮೂರು ದಿನ ಹೆಡ್‌ಫೋನ್ ಹಾಕ್ಕೊಂಡು ಸುಮ್ನೆ ಕೂತಿದ್ರಂತೆ."

"ಯಾರಿಗೂ ಹೇಳಲಿಲ್ವಾ?"

"ಇಲ್ಲ. ಇವತ್ತು ನಾನೇ ಹೋಗಿ ಕೇಳಿದೆ. ಅವರು, ಏನೋ ತಪ್ಪು ಒತ್ತಿ ನಾನೇ ಕೆಡಿಸಿಬಿಟ್ಟೆ, ಮೇಲಿನವರಿಗೆ ಹೇಳಬೇಡಮ್ಮ ಅಂದ್ರು."

"ನೀನೇನಂದೆ?"

"ಪರವಾಗಿಲ್ಲ ಬಿಡಿ ಸರ್, ಯಾರಿಗೂ ಹೇಳಲ್ಲ ಅಂದೆ. ಮತ್ತೆ ಹಾಕ್ಕೊಟ್ಟೆ. ನಿನ್ನ ಉಪಕಾರ ಮರೆಯಲ್ಲ ಅಂದ್ರು."

"ತೆಗೆದದ್ದು ನೀನು ಅಂತ ಹೇಳಲಿಲ್ವಾ?"

"ಬಾಯಿ ಬರಲಿಲ್ಲ ಅಕ್ಕ."

ಅಕ್ಕ ಗಡಿಯಾರ ನೋಡಿದಳು.

"ಮೇಷ್ಟ್ರು ಲೈಬ್ರರಿಲಿ ಎಷ್ಟು ಗಂಟೆವರೆಗೆ ಇರ್ತಾರೆ?"

"ಐದೂವರೆ."

"ಇನ್ನೂ ಇಪ್ಪತ್ತು ನಿಮಿಷ ಇದೆ. ನಡಿ."

"ಬಸ್ಸು ಬಂತಲ್ಲ ಅಕ್ಕ."

"ಬರಲಿ."

ಇಬ್ಬರೂ ಸಾಲು ಬಿಟ್ಟು ಬಂದ ದಾರಿಯಲ್ಲೇ ವಾಪಸು ಹೋದರು. ತಂಗಿ ಒಂದು ಹೆಜ್ಜೆ ಹಿಂದೆಯೇ ಇದ್ದಳು.