ತುತ್ತಿನ ಪದ್ಯ

...ಅಯ್ಯೋ ಏಳಬೇಡ, ಏಳಬೇಡ ಶೈಜಾ, ನೀನು ಮೀನು ಉಜ್ಜು. ನಾನೇನು ನೆಂಟಳಾ ಚಾಪೆ ಹಾಸೋಕೆ? ಈ ಹಿತ್ತಲ ಮೆಟ್ಟಿಲು ಸಾಕು ನಂಗೆ. ನಿನ್ನತ್ತೆ ನಾರಾಯಣಿ ಇದ್ದಾಗಿಂದ ಇದೇ ನನ್ನ ಜಾಗ. ಬೀಡಿ ಕಟ್ಟಿ ಕಟ್ಟಿ ಬೆನ್ನು ಹಿಡ್ಕೊಂಡು ಬಂದು, ಇಬ್ರೂ ಇಲ್ಲೇ ಕೂತು ಚಾ ಕುಡೀತಿದ್ವಿ... ಬೂತಾಯಿನಾ? ಒಳ್ಳೇ ತಾಜಾ ಇದೆ. ಕಿವಿರು ನೋಡು, ಎಷ್ಟು ಕೆಂಪಗಿದೆ! ಹ್ಞಾಂ... ಕೆಂಪು ಅಂದೆ ಅಂತ ಹಾಗೆ ನೋಡ್ಬೇಡ ಮಾರಾಯ್ತಿ. ಮೀನಿನ ಕಿವಿರು ಯಾವ ಪಕ್ಷದ್ದೂ ಅಲ್ಲ.

ನಗ್ಲಿಲ್ಲ ನೀನು. ಮೊದ್ಲಾದ್ರೆ ನಗ್ತಿದ್ದೆ.

ನಂದು ಎಲ್ಲಿ? ನಂದೂ... ಲೋ ನಂದೂ! ಅಮ್ಮಮ್ಮ ಬೆಲ್ಲದ ಉಣ್ಣಿಯಪ್ಪ ಕರ್ದು ತಂದಿದ್ದಾಳೆ ನೋಡೋ! ...ಯಾಕೆ ತಲೆ ಅಲ್ಲಾಡಿಸ್ತೀಯ? ಮಲಗಿದ್ದಾನಾ? ದೀಪ ಹಚ್ಚೋ ಹೊತ್ತಲ್ಲಾ? ಜ್ವರ ಗಿರ ಏನಾದ್ರೂ... ಇಲ್ವಾ. ಸರಿ, ಸರಿ. ನೀನೇನು ಇಷ್ಟು ಬೇಗ ಮನೇಲಿ? ಓಣಂ ವ್ಯಾಪಾರದ ಹೊತ್ತಲ್ಲಿ ಜವಳಿ ಅಂಗಡಿಯವರು ರಜೆ ಕೊಟ್ರಾ? ...ಕೊಡ್ಲಿಲ್ವಾ? ಮತ್ತೆ? ಬಿಟ್ಟೇ ಬಂದ್ಯಾ? ಕೆಲಸ ಬಿಟ್ಟು! ಅಯ್ಯೋ ಹುಚ್ಚಿ, ಹುಡುಗನ್ನ ನೋಡ್ಕೊಳ್ಳೋಕೆ ನಾನಿಲ್ವೇನೇ?

ನೋಡು, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ಆ ಹೂವಿನ ಜಗಳಕ್ಕೆ ತಾನೇ ನೀನು ನಂದುನ ನಮ್ಮನೆಗೆ ಕಳಿಸ್ತಿಲ್ಲ? ಹೌದು, ನನ್ನ ಮೊಮ್ಮಗಳು ಮಾಳು ಮಾಡಿದ್ದು ತಪ್ಪು. ಪಾಪ, ಅವನು ಬೆಳಿಗ್ಗೆ ಎದ್ದು ಬುಟ್ಟಿ ತುಂಬ ಕೇಸರಿ ಚೆಂಡುಹೂ ಕಿತ್ಕೊಂಡು ಬಂದಿದ್ದ, ಅಂಗಳದಲ್ಲಿ ಹೂವಿನ ರಂಗೋಲಿ ಹಾಕೋಕೆ. ಇವಳು ಸೊಂಟಕ್ಕೆ ಕೈ ಕೊಟ್ಟು ನಿಂತು, "ಆ ಬಣ್ಣ ಆ ಕಡೆಯವರದ್ದು, ನಮ್ಮಂಗಳಕ್ಕೆ ಬೇಡ" ಅಂತ ಪೊರಕೆ ತಗೊಂಡು ಗುಡಿಸೇಬಿಟ್ಲು! ಏಳು ವರ್ಷದ ಸಿಂಬಳಬುರುಕಿ! ನಂಗೆ ನಗು ತಡೆಯೋಕಾಗ್ಲಿಲ್ಲ. ನಕ್ಕೆ. ಅದೂ ತಪ್ಪು. ಒಪ್ಕೊಂಡೆ, ಆಯ್ತಲ್ಲ?

ಅವಳು ಹಾಗೇನೇ. ಮೊನ್ನೆ ಸೂಜಿ ಹಾಕ್ಸೋಕೆ ಕರ್ಕೊಂಡು ಹೋದ್ರೆ, ಡಾಕ್ಟರ ಮುಖ ನೋಡಿ, "ಅಮ್ಮಮ್ಮಾ, ಇವರು ನಮ್ಮೋರಾ ಅವರೋರಾ?" ಅಂತಾಳೆ! ದೇವಸ್ಥಾನದ ಆನೆ ಕಂಡ್ರೂ ಅದೇ ಪ್ರಶ್ನೆ!

ಮಕ್ಕಳಿಗೆ ಇದೆಲ್ಲಾ ಯಾರು ತಲೆಗೆ ತುಂಬ್ತಾರೋ. ಟಿವಿ ಒಂದು. ಮೆರವಣಿಗೆ ಒಂದು. ನನ್ನ ಮಗ ಪ್ರದೀಪನಿಗೂ ಬುದ್ಧಿ ಇಲ್ಲ, ಮಾಳುನ ಹೆಗಲ ಮೇಲೆ ಕೂರಿಸ್ಕೊಂಡು ಎಲ್ಲಾ ಮೆರವಣಿಗೆಗೂ ಹೋಗ್ತಾನೆ. ಮಕ್ಕಳ ಕಿವಿ ಅಂದ್ರೆ ಬಿಸಿ ಮೇಣ ಇದ್ದ ಹಾಗೆ, ಒತ್ತಿದ್ದು ಅಚ್ಚಾಗುತ್ತೆ. ನಾನಂತೂ ಏನೂ ಕಲಿಸಿಲ್ಲ. ಏನೂ! ಈ ಎರಡು ಮಕ್ಕಳಿಗೆ ಒಂದೇ ತಟ್ಟೇಲಿ ಅನ್ನ ಕಲಸಿ ತಿನ್ನಿಸಿದ್ದು ಬಿಟ್ರೆ ನಾನು ಬೇರೇನೂ ಮಾಡಿಲ್ಲ.

...ಏನು? ನೀನೇನೋ ಅಂದ ಹಾಗಾಯ್ತು. ಇಲ್ವಾ.

ನಿನ್ನ ಗಂಡ ಸಜೀವ ಎಲ್ಲೇ? ಆಟೋ ಅಂಗಳದಲ್ಲೇ ನಿಂತಿದೆ, ಮೇಲೆ ಟಾರ್ಪಾಲು ಬೇರೆ ಹೊದ್ದಿದೆ. ಬಾಡಿಗೆಗೆ ಹೋಗಲ್ವಾ? ...ನೋಡು, ಅವನು ಆ ಕಡೆ ಹೋಗಿದ್ದು ನಂಗೆ ಇಷ್ಟವಾಗಿಲ್ಲ. ಮುಚ್ಚಿಡಲ್ಲ. ಕೈಯಾರೆ ಬೆಳೆಸಿದ ಹುಡುಗ, ಒಂದು ಬೆಳಿಗ್ಗೆ ಎದ್ದು ಅಂಗಳದಲ್ಲಿದ್ದ ನಮ್ಮ ಬಾವುಟದ ಕಂಬ ಕಿತ್ತು, ಬೇರೆ ಬಾವುಟ ನೆಟ್ಟ. ಎದೆ ಉರೀತು ನಂಗೆ. ಊರಿಗೂರೇ ಈ ಬೇಲಿ ಮುಂದೆ ಮೆರವಣಿಗೆ ಬಂದು ಅವನ ಹೆಸರು ಹಿಡಿದು ಕೂಗ್ತಲ್ಲ, ಅವತ್ತು ನಾನೂ ಬಂದಿದ್ದೆ. ನೀನು ಕಿಟಕಿಯಿಂದ ನೋಡ್ತಿದ್ದೆ. ಆದ್ರೆ ಮಾರನೇ ದಿನ ನಂದುನ ನನ್ನ ಮಡಿಲಿಗೆ ಹಾಕಿ ಕೆಲಸಕ್ಕೆ ಹೋದ್ಯಲ್ಲ ನೀನು! ಅದನ್ನ ನಾನು ಮರೆತಿಲ್ಲ ಮಗಳೇ. ಪಕ್ಷ ಬೇರೆ, ಅನ್ನ ಬೇರೆ ಅಂತ ತಾನೇ?

ಅದಕ್ಕೇ ಹೇಳ್ತೀನಿ, ಕಳಿಸು ಹುಡುಗನ್ನ. ಮಾಳು ಊಟಾನೇ ಮಾಡ್ತಿಲ್ಲ. ತಟ್ಟೆ ಇಟ್ರೆ "ನಂದು ಇಲ್ದೆ ಬೇಡ" ಅಂತಾಳೆ. ನಾನಾದ್ರೂ ಏನು... ಮನೆ ಬಿಕೋ ಅನ್ನುತ್ತೆ ಕಣೇ.

ಅಂದ ಹಾಗೆ, ಒಂದು ತಮಾಷೆ ಹೇಳೋಕೆ ಮರ್ತೆ. ಹೂವಿನ ಜಗಳ ಆಯ್ತಲ್ಲ, ಅವತ್ತೇ ಶಾಲೇಲಿ ಟೀಚರು ಒಬ್ಬೊಬ್ಬರನ್ನೇ ನಿಲ್ಲಿಸಿ ಅಪ್ಪನ ಹೆಸರು ಕೇಳಿದ್ರಂತೆ. ಮಾಳು ಹೇಳಿದ್ಲು. ನಮ್ಮ ನಂದು ಎದ್ದು ನಿಂತು, "ಅಚ್ಚನ್" ಅಂದನಂತೆ! ಅಪ್ಪನ ಹೆಸರು ಅಪ್ಪ! ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಪಾಪ, ಅವನಿಗೇನು ಗೊತ್ತು, ಮನೇಲಿ ನೀನು "ಇವರೇ" ಅಂತೀಯ, ಅವನು ಅಚ್ಚನ್ ಅಂತಾನೆ, ಹೆಸರು ಹಿಡಿದು ಕರೆಯೋರು ಯಾರಿದ್ದಾರೆ? ಆಮೇಲೆ ಟೀಚರೇ ಹೇಳಿಕೊಟ್ರಂತೆ, "ನಿಮ್ಮಪ್ಪನ ಹೆಸರು ಸಜೀ..."

...

ಯಾಕೆ ಕತ್ತಿ ಕೆಳಗಿಟ್ಟೆ?

ಶೈಜಾ, ಹಾಗೆ ನೋಡ್ಬೇಡ. ಹೂವಿನ ವಿಷಯ ಅಲ್ವಾ ಇದು? ಹೂವಿನ... ಅಲ್ಲ. ಹಾಗಾದ್ರೆ ಅವನು ಬಂದು ಕೇಳಿದ್ನಾ? ಆ ಹೆಸರಿನವನು ನೀನೇನಾ ಅಂತ ಅಪ್ಪನ್ನೇ ಕೇಳಿದ್ನಾ? ಊಟಕ್ಕೆ ಕೂತಾಗಾ? ...ಪದ್ಯ ಪೂರ್ತಿ ಹೇಳಿ ಕೇಳಿದ್ನಾ?

ಅಯ್ಯೋ ನನ್ನ ದೇವರೇ.

ಅದು ಬರೀ ಪದ್ಯ ಕಣೇ! ಮಕ್ಕಳು ಬಾಯಿ ತೆಗೆಯಲ್ಲ, ಏನ್ಮಾಡ್ಲಿ? ಒಂದು ತುತ್ತು ತಿನ್ನಿಸೋಕೆ ಅಂಗಳ ಪೂರ್ತಿ ಸುತ್ತಿಸ್ತವೆ. "ಬಾವುಟ ಹರಿದೋನ್ಯಾರು? ಬೆನ್ನಿಗೆ ಇರಿದೋನ್ಯಾರು? ಊರಿಗೆ ಬೇಡದೋನ್ಯಾರು?" ಅಂತ ನಾನು ಕೇಳೋದು, ಅವು ಮುಷ್ಟಿ ಎತ್ತಿ ಹೆಸರು ಕೂಗೋದು. ಹೆಸರಿನ ಕೊನೇಲಿ "ಆ" ಅಂತ ಬರುತ್ತಲ್ಲ, ಬಾಯಿ ಅಗಲವಾಗಿ ತೆಗೀತವೆ, ತುತ್ತು ಇಡೋದು. ಅಷ್ಟೇ! ನಾನು ಕಟ್ಟಿದ್ದಲ್ಲ, ಹಳೇದು. ನಾನೂ ನಾರಾಯಣಿನೂ ಬೀಡಿ ಶೆಡ್ಡಲ್ಲಿ ಹಾಡ್ತಿದ್ದಿದ್ದು. ಆಗ ಅದರಲ್ಲಿ "ಜಮೀನ್ದಾರಾ!" ಅಂತ ಇತ್ತು. ಸಜೀವನಿಗೆ ಅನ್ನ ತಿನ್ನಿಸಿದ್ದೂ ನಾನು ಅದನ್ನೇ ಹೇಳಿ. ಅವನೂ ಹೀಗೇ ಮುಷ್ಟಿ ಎತ್ತಿ... ಅದಕ್ಕೇ. ಮಗನ ಬಾಯಲ್ಲಿ ಕೇಳಿದ ಕೂಡ್ಲೇ ಅವನಿಗೆ ಗೊತ್ತಾಗಿರುತ್ತೆ, ಯಾರ ಅಡುಗೆಮನೆಯದ್ದು ಅಂತ.

ಹೆಸರು ಬದಲಾಯಿಸಿದ್ದು ಮಾಳು! ಮೆರವಣಿಗೇಲಿ ಕೇಳ್ಕೊಂಡು ಬಂದು ಅವಳೇ... ಸುಳ್ಳಲ್ಲ, ಅವಳೇ. ನಂದುವೂ ಕುಣಿದು ಕುಣಿದು ಕೂಗಿದ. ಯಾವುದೋ ರಾಕ್ಷಸನ ಹೆಸರು ಅಂದ್ಕೊಂಡಿದ್ದ ಪಾಪ. ನಾನು... ನಾನು ತಡೀಬಹುದಿತ್ತು. ಇವತ್ತು ಬೇಡ ಅನ್ಬೇಕು, ನಾಳೆ ಅನ್ಬೇಕು ಅಂತ... ಏನು ಹಾಗೆ ನೋಡ್ತೀಯ? ಸರಿ. ನಿಜ ಬೇಕಾ? ನಂಗೆ ಹಿತವಾಗ್ತಿತ್ತು ಕಣೇ. ಅವನ ಮಗನ ಬಾಯಿಂದಾನೇ ಅವನ ಹೆಸರು ಬಂದಾಗ ಹೊಟ್ಟೆ ತಣ್ಣಗಾಗ್ತಿತ್ತು. ಮಗುವಿನ ಹೊಟ್ಟೆ ತುಂಬಿಸ್ತಿದ್ದೀನಿ ಅಂದ್ಕೊಂಡು ನಾನು ನನ್ನ ಹೊಟ್ಟೆ...

ಬೇಲಿ ಆಚೆ ನಿಂತು ನೀನು ಒಂದು ದಿನವೂ ಕೇಳಿಸ್ಕೊಂಡಿರ್ಲಿಲ್ವಾ? ...ಎಲ್ಲಿಂದ ಕೇಳಿಸ್ಕೊಳ್ತೀಯ. ನೀನು ಬರೋ ಹೊತ್ತಿಗೆ ನಾನು ಬಾಯಿ ಒರೆಸಿ ಮಲಗಿಸಿರ್ತಿದ್ದೆ.

ಅರೆ, ನಂದೂ! ಎದ್ಯಾ ಮಗಾ? ಬಾ, ಬಾ ಇಲ್ಲಿ... ಯಾಕೋ ಹೀಗೆ ಸೊರಗಿದ್ದೀಯ? ತಿಂದಿಲ್ವಾ? ಅವತ್ತಿಂದಾನಾ? ...ಶೈಜಾ, ತಟ್ಟೆ ಯಾಕೆ ನನ್ನ ಕೈಗೆ ಕೊಡ್ತೀಯ? ನಾನು ತಿನ್ನಿಸ್ಲಾ? ನನ್ನ ಕೈಯಿಂದ... ಆಯ್ತು. ಆಯ್ತು, ಕೊಡು.

ಬಾ ರಾಜ. ಅನ್ನ, ಮಧ್ಯಾಹ್ನದ ಮೀನ್ಸಾರು. ಮುಳ್ಳು ತೆಗ್ದಿದ್ದೀನಿ. ಆ ಅನ್ನು. ಆ... ಯಾಕೋ ತುಟಿ ಕಚ್ಕೊಂಡಿದ್ದೀಯ? ಬಾಯಿ ತೆಗಿ ಮಗಾ. ಬಾಯಿ ತೆಗೆದ್ರೆ ಅಪ್ಪನ ಹೆಸರು ಬಂದ್ಬಿಡುತ್ತೆ ಅಂತಾನಾ? ಬರಲ್ಲ ಕಣೋ, ಬರಲ್ಲ. ಇರು, ಬೇರೆ ಪದ್ಯ ಹೇಳ್ತೀನಿ. ಕಾಗೆದು. ಕಾಗೆ, ಕಾಗೆ... ಆಮೇಲೆ ಏನೋ ಇತ್ತಲ್ಲ... ಚಂದಮಾಮಂದು ಹೇಳ್ಲಾ? ಚಂದಮಾಮಾ, ಬಾರೋ... ಬಾರೋ... ಶೈಜಾ, ನೀನಾದ್ರೂ ಒಂದು ಸಾಲು ಹೇಳ್ಕೊಡೇ. ನಂಗೆ ಬೇರೆ ಯಾವ್ದೂ ಬರಲ್ಲ ಕಣೇ. ಈ ವಯಸ್ಸಿಗೆ ಒಂದೂ ಬರಲ್ಲ.

ಯಾರದು, ಬಾಗಿಲ ಹಿಂದೆ? ಅಲ್ಲೇ ನಿಂತಿದ್ಯೇನೋ ಇಷ್ಟೊತ್ತೂ? ಎಲ್ಲಾ ಕೇಳಿಸ್ಕೊಂಡ್ಯಾ? ಈಚೆ ಬಾರೋ. ನನ್ನ ಮುಖ ನೋಡು. ಸಜೀವಾ...

...ಬೇಡ ನಂದು. ಬೇಡ ಮಗಾ, ಕೈ ಇಳಿಸು. ಮುಷ್ಟಿ ಬಿಚ್ಚು. ನಾನು ಪದ್ಯ ಹೇಳ್ಲಿಲ್ಲ ಕಣೋ... ಕರೆದೆ. ನಿಮ್ಮಪ್ಪನ್ನ ಕರೆದೆ, ಅಷ್ಟೇ.