ಸಪ್ಪಳ ಕೇಳದ ಕಾರು

ಬ್ಯಾಡಗಿಯ ಕಡೆ ಒಬ್ಬ ಸಾಹುಕಾರರಿದ್ದರು, ನೋಡಿ. ಹೆಸರು ಈರಭದ್ರಪ್ಪ, ಮೆಣಸಿನಕಾಯಿ ವ್ಯಾಪಾರ. ಇದ್ದ ಕಾರು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಹುಬ್ಬಳ್ಳಿಯ ಬೀಗರು ಹೊಸದೊಂದು ತಂದರಲ್ಲ, ಇವರಿಗೆ ಸಮಾಧಾನ ಹೋಯಿತು. ನೇರ ಕಾರಿನ ಅಂಗಡಿಗೆ ಹೋಗಿ, "ತಮ್ಮಾ, ಲಕ್ಷುರಿ ಗಾಡಿ ಅಂತಾರಲ್ಲ, ಅದರಾಗ ಅಂಥಾದ್ದೇನಿರತೈತಿ?" ಎಂದು ಕೇಳಿದರು.

ಮಾರುವವನು ಚರ್ಮದ ಸೀಟು ತೋರಿಸಿದ, ತಣ್ಣನೆ ಗಾಳಿ ಬಿಟ್ಟ. ಸಾಹುಕಾರರು ಒಪ್ಪಲಿಲ್ಲ. ಕೊನೆಗೆ ಅವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿ, ಹೊರಗೆ ನಿಂತು ಗಂಟಲು ಹರಿಯುವಂತೆ ಕೂಗಿದ. ಒಳಗೆ ಒಂದಕ್ಷರ ಕೇಳಿಸಲಿಲ್ಲ. ಬಾಗಿಲು ತೆಗೆದು, "ಲಕ್ಷುರಿ ಅಂದ್ರ ಇದ ನೋಡ್ರಿ. ಹೊರಗಿನ ಸಪ್ಪಳ ಒಳಗ ಬರಂಗಿಲ್ಲ" ಎಂದ. ಈರಭದ್ರಪ್ಪ ಅಲ್ಲೇ ಮರುಳಾಗಿ ಕೊಂಡುಬಿಟ್ಟರು.

ಮರುವಾರ ಸೊಸೆಯ ತವರಲ್ಲಿ, ಅಂದರೆ ಅದೇ ಬೀಗರ ಮನೆಯಲ್ಲಿ, ಮೊಮ್ಮಗಳ ನಾಮಕರಣ. ಹೆಂಡತಿ ನೀಲವ್ವ ಮುಂದೆ ಕೂರಲು ಬಂದರೆ, "ಇಂಥ ಗಾಡ್ಯಾಗ ದೊಡ್ಡ ಮಂದಿ ಹಿಂದ ಕುಂದರತಾರ" ಎಂದು ಹಿಂದಕ್ಕೆ ಕಳಿಸಿ, ಗಾಡಿ ತಾವೇ ಓಡಿಸಿದರು. ತಮ್ಮ ಫೋನಿನ ಸದ್ದನ್ನೂ ಅಡಗಿಸಿದರು. ಗಂಡ ಹೆಂಡತಿಯ ನಡುವೆ ಆಗ ಮುನಿಸು ನಡೆದಿತ್ತು. ಹಿಂದಿನ ವಾರ ಊಟಕ್ಕೆ ಬಂದ ಬೀಗರೆದುರೇ, ಸಾರು ಉಪ್ಪಾಯಿತೆಂದು ಆಕೆಯನ್ನು ಗದರಿದ್ದರು.

ಹಾವೇರಿ ದಾಟಿ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಂತಿತು. ಸಾಹುಕಾರರು ಯಾರಿಗೋ ಕಾರಿನ ಗುಣಗಾನ ಮಾಡುತ್ತಿದ್ದಾಗ ನೀಲವ್ವ ಹೂ ತರಲು ಇಳಿದು ಹೋದರು. ಇವರು ಬಂದು ಕೂತರು, ಹಿಂದೆ ತಿರುಗಿ ನೋಡದೆ ಹೊರಟೇಬಿಟ್ಟರು. "ನಿಲ್ಲಸ್ರೀ! ನಿಲ್ಲಸ್ರೀ!" ಎಂದು ನೀಲವ್ವ ಓಡಿಬಂದರು. ಕೇಳಿಸಿತೇ? ಹೇಗೆ ಕೇಳಿಸೀತು! ಕೇಳಿಸಬಾರದು ಅಂತಲೇ ತಾನೇ ಕೊಂಡದ್ದು?

"ಕೂಸಿಗೆ ನಮ್ಮವ್ವನ ಹೆಸರ ಇಡೂಣೇನು?" ಎಂದರು ಈರಭದ್ರಪ್ಪ. ಎದುರು ಮಾತಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಎದುರು ಮಾತಿಲ್ಲ! ಆಹಾ, ಎಂಥ ಗಾಡಿ! ಆ ಸುಖದಲ್ಲಿ ಅವರ ಮನಸ್ಸು ಮೆತ್ತಗಾಯಿತು. ಗಂಟಲು ಸರಿಮಾಡಿಕೊಂಡು, "ನೀಲಾ, ಮಂದಿ ಮುಂದ ನಿನ್ನ ಬೈಬಾರದಿತ್ತು. ತಪ್ಪಾತು ನಂದು" ಎಂದರು. ಕಣ್ಣು ಒದ್ದೆಯಾಯಿತು. "ಸಿಟ್ಟು ಇಳೀತೇನು?" ಎಂದು ಕನ್ನಡಿ ನೋಡಿದರು. ಹಿಂದಿನ ಸೀಟಿನಲ್ಲಿ ಕೂಸಿನ ಬಟ್ಟೆಯ ಗಂಟೊಂದೇ ಗಂಭೀರವಾಗಿ ಕೂತಿತ್ತು.

 ಈರಭದ್ರಪ್ಪ ಬಂಕಿನ ಕಡೆ ಗಾಡಿ ತಿರುಗಿಸಿದರು. ಬಂಕಿನವನು, "ಅವ್ವಾರು ನಿಮ್ಮನ್ನ ಭಾಳ ಕೂಗಿದ್ರು. ಆಮ್ಯಾಲ ದಾವಲಸಾಬನ ಉಳ್ಳಾಗಡ್ಡಿ ಟೆಂಪೋ ಹತ್ತಿ ಹೋದ್ರು" ಎಂದ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಈರಭದ್ರಪ್ಪನವರ ಅಂಗಿ ಬೆವರಿನಿಂದ ತೊಯ್ದಿತ್ತು. ನೀಲವ್ವ ತೊಟ್ಟಿಲ ಪಕ್ಕ ಕೂತು, ಈರುಳ್ಳಿ ಟೆಂಪೋ ಓಡಿಸುತ್ತ ದಾವಲಸಾಬ ದಾರಿಯುದ್ದಕ್ಕೂ ಹೇಳಿದ ಕಥೆಗಳನ್ನು ಬೀಗಿತ್ತಿಗೆ ಹೇಳಿ ನಗುತ್ತಿದ್ದರು. ಇವರು ಮೆಲ್ಲಗೆ ಬಗ್ಗಿ, ಆಕೆಯ ಕಿವಿಯಲ್ಲಿ ತಪ್ಪೊಪ್ಪಿಗೆ ಉಸುರಿದರು.

"ಏನಂದ್ರಿ?" ನೀಲವ್ವ ತಿರುಗಿದರು. "ಟೆಂಪೋ ಸಪ್ಪಳಕ್ಕ ಕಿವಿ ಗುಂಯ್ ಅಂತಾವ. ಜೋರ ಹೇಳ್ರಿ."

ಮನೆಯವರೆಲ್ಲ ಇತ್ತ ತಿರುಗಿದರು. ಬೀಗರೂ ಕಿವಿ ನೆಟ್ಟರು. ಈರಭದ್ರಪ್ಪ ಕೂಸನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಬೀದಿಗೂ ಕೇಳುವಂತೆ ಹೇಳಿದರು: "ತಪ್ಪಾತು!"

ನಗುತ್ತೀರಿ. ನಗಿ ತಾಯಂದಿರೇ. ಅಪ್ಪಂದಿರೇ, ನೀವ್ಯಾಕೆ ಮೆಲ್ಲಗೆ ನಗುತ್ತೀರಿ? ನಮಗೆ ಆ ಕಾರಿಲ್ಲ ಅಂತಲೇ? ಮನೆಯವರು ಕರೆಯುವಾಗ ಟಿವಿಯ ಸದ್ದು ಏರಿಸುವವರು ಯಾರು? ಹೂಂ, ಹೂಂ ಅನ್ನುತ್ತ ಫೋನು ನೋಡುವವರು ಯಾರು? ಇವತ್ತು ಮನೆಗೆ ಹೋಗಿ ಅವೆರಡನ್ನೂ ಆರಿಸಿ. ಬಡಿಸುವವರ ಮುಖ ನೋಡಿ ಮಾತಾಡಿ, ಉತ್ತರ ಬರುವ ತನಕ ಕಾಯಿರಿ. ನಾಲ್ಕು ಜನರೆದುರು ಗದರಿದ್ದೀರೋ, ಆ ನಾಲ್ವರನ್ನೂ ಕರೆಸಿ, ಅವರೆದುರೇ ತಪ್ಪಾಯಿತು ಅನ್ನಿ.