ಪಟ್ಟಿ ಕಟ್ಟದ ಕಾಲು

ಕೊಡು ಇಲ್ಲಿ ಆ ಫೋನು. ಕೊಡು ಅಂದ್ನಲ್ಲ. ನೋಡಿದ್ದನ್ನೇ ಎಷ್ಟು ಸಲ ನೋಡ್ತೀಯೋ ಅಳಿಯ? ಫುಟ್‌ಬಾಲ್ ಪಂದ್ಯದ ಹನ್ನೊಂದು ಸೆಕೆಂಡಿನ ವಿಡಿಯೊ. ನೀನು ಚೆಂಡು ತಗೊಂಡು ಒಳಗೆ ತಿರುಗ್ತೀಯ, ನಮ್ಮ ಗಿರಣಿ ತಂಡದ ಆ ಗೂಟ ಅಡ್ಡ ಬರ್ತಾನೆ, ಇಬ್ರೂ ಬೀಳ್ತೀರ, ಅವನು ಏಳ್ತಾನೆ, ನೀನು ಏಳಲ್ಲ. ಅಷ್ಟೇ. ಇನ್ನೂ ನೂರು ಸಲ ನೋಡಿದ್ರೂ ನೀನು ಏಳಲ್ಲ. ಇಗೋ, ದಿಂಬಿನ ಕೆಳಗೇ ಇಟ್ಟೆ, ನಾನೇನು ತಿಂದ್ಹಾಕಲ್ಲ ಅದನ್ನ.

ವಾರದಿಂದ ಯಾರ ಹತ್ರಾನೂ ಸರಿಯಾಗಿ ಮಾತಾಡ್ತಿಲ್ಲ ಅಂತ ನಿಮ್ಮಮ್ಮ ಅಳ್ತಾ ಇದ್ಳು. ನೋವಿನ ಮಾತ್ರೆ ಕಣಕ್ಕ, ಅದು ಹಾಗೇ, ನಾಲಿಗೆ ದಪ್ಪ ಮಾಡುತ್ತೆ ಅಂದೆ. ಹದಿನೈದು ವರ್ಷ ಗಿರಣಿ ದವಾಖಾನೇಲಿ ಕಾಂಪೌಂಡರ್ ಆಗಿರೋನಿಗೆ ಅಷ್ಟೂ ತಿಳಿಯಲ್ವಾ... ಮಾತ್ರೇನೇ ಅಲ್ವಾ? ಹ್ಞೂಂ ಅನ್ನು. ಸರಿ, ಅನ್ಬೇಡ.

ಅಸಹ್ಯ ಕಣೋ. ಈ ಜನ ಇದಾರಲ್ಲ, ಅಸಹ್ಯ. ಈಗ ಬರ್ತಾ ನಿಮ್ಮ ಬಸ್ ಡಿಪೋ ಎದುರಿನ ಟೀ ಅಂಗಡಿಗೆ ಹೋಗಿದ್ದೆ. ಎಂಟು ಜನ, ಒಂದು ಫೋನು. ಕಟಿಂಗ್ ಶಾಪಿನೋನು ಅದನ್ನ ಸಕ್ಕರೆ ಡಬ್ಬಕ್ಕೆ ಒರಗಿಸ್ಕೊಂಡು, ಬೆರಳಲ್ಲಿ ಇಷ್ಟಿಷ್ಟೇ ಸರಿಸ್ತಾ ಇದಾನೆ. 'ಇಲ್ನೋಡಿ, ಇಲ್ಲಿ, ಗೂಟನ ಕಣ್ಣು ಚೆಂಡಿನ ಮೇಲಿಲ್ಲ, ಕಾಲಿನ ಮೇಲಿದೆ.' ಅವನ ಕೈಗೆ ಇನ್ನೂ ಯಾರದೋ ಗಡ್ಡದ ಸೋಪು ಮೆತ್ಕೊಂಡಿದೆ. ನಮ್ಮ ಗಿರಣಿ ಟೈಮ್‌ಕೀಪರು ಬನ್ನು ಅಗೀತಾ, 'ಎಲ್ಲಿ ರೀ, ಮೊದಲು ಚೆಂಡಿಗೇ ತಗುಲಿದೆ' ಅಂತಾನೆ. ಅಗಿದಿದ್ದು ಹಾರಿ ಫೋನಿನ ಮೇಲೆ ಬಿತ್ತು. ಎಲ್ಲಿ ಬಿತ್ತು ಗೊತ್ತಾ, ನಿನ್ನ ಕಾಲಿನ ಮೇಲೆ. ಹೆಬ್ಬೆರಳಲ್ಲಿ ಒರೆಸ್ದ, ಒರೆಸಿದ್ದಕ್ಕೆ ವಿಡಿಯೊ ಮತ್ತೆ ಮೊದಲಿಂದ ಶುರುವಾಯ್ತು. ಮತ್ತೆ ನೀನು ಬಿದ್ದೆ. ಆಮೇಲೆ ಆ ಸದ್ದು... ಟಕ್ ಅನ್ನುತ್ತಲ್ಲ, ಅದು. ಒಬ್ಬ ಹೇಳ್ತಾನೆ, 'ಸೌಂಡ್ ಜಾಸ್ತಿ ಮಾಡ್ರೋ, ಮೂಳೆದಾ ಬೂಟಿಂದಾ ನೋಡಾಣ.' ಥೂ.

ಯಾಕೆ ನಗ್ತೀಯ? ಹೌದು, ಕೂತೆ. ಎದ್ದು ಬರ್ಬೇಕಿತ್ತು, ಬರ್ಲಿಲ್ಲ. ಟೀನೂ ಕುಡಿದೆ, ಅರ್ಧ. ಲೋಟದ ಅಂಚಿಗೆ ಯಾರದೋ ತುಟಿ ಗುರುತು ಇತ್ತು, ಅದಕ್ಕೆ ಅರ್ಧ.

ಆದರೆ ಅವರ ಬಾಯಿ ಮುಚ್ಚಿಸಿ ಬಂದೆ, ಅದನ್ನ ಕೇಳು. ಅರ್ಧ ಜನ ಬೇಕು ಅಂತಾನೇ ಹೊಡೆದ ಅಂತಾರೆ, ಅರ್ಧ ಜನ ಆಟದಲ್ಲಿ ಆಯ್ತು ಅಂತಾರೆ. ನಾನು ಲೋಟ ಕೆಳಗಿಟ್ಟು ಕೇಳ್ದೆ, 'ಸ್ವಾಮಿ, ಆ ಹುಡುಗನ ಬಲಗಾಲಿಗೆ ಏನಿತ್ತು, ಕಣ್ಣು ಬಿಟ್ಟು ನೋಡಿ.' ನೋಡಿದ್ರು. ಸಾಕ್ಸ್ ಮೇಲೆ ದಪ್ಪಗೆ ಬಿಳೀ ಪಟ್ಟಿ, ಮೈದಾನದ ಆಚೆ ತುದಿಗೂ ಕಾಣೋ ಹಾಗೆ. 'ಹೊಡೀಲೇಬೇಕು ಅಂತ ಬಂದೋನು ನೋವಿರೋ ಕಾಲಿಗೆ ತಾನೇ ಹೊಡೀಬೇಕು? ಅದು ಅವನ ಎದುರಿಗೇ ಇತ್ತು. ಅದನ್ನ ಬಿಟ್ಟು, ಸುತ್ತಿ ಹೋಗಿ, ಪಟ್ಟಿ ಕಟ್ಟದ ಎಡಗಾಲಿಗೆ ಯಾಕೆ ಹೊಡೀತಾನೆ ಹೇಳಿ.' ಕಟಿಂಗ್ ಶಾಪಿನೋನು ಫೋನು ಆರಿಸಿ ಜೇಬಿಗಿಟ್ಕೊಂಡ. 'ಇದು ನಮಗೆ ಹೊಳೀಲೇ ಇಲ್ವಲ್ರೀ' ಅಂದ. ಹಂಗಿತ್ತು ನನ್ನ ಮಾತು.

...ಏನು? ಯಾಕೆ ಹಾಗೆ ನೋಡ್ತೀಯ?

ನೀರು ಬೇಕಾ? ಬೇಡ್ವಾ. ಕಾಲು ಸ್ವಲ್ಪ ಮೇಲಕ್ಕೆ ಇಡ್ತೀನಿ ತಡಿ, ಬೆರಳು ಊದ್ಕೊಂಡಿದೆ... ಆಯ್ತಪ್ಪ, ಮುಟ್ಟಲ್ಲ. ಕಾಲು ಎಳ್ಕೊಬೇಡ, ನೋವಾಗುತ್ತೆ. ಮುಟ್ಟಲ್ಲ ಅಂದ್ನಲ್ಲ.

ಸರಿ, ಬಂದ ಕೆಲಸ ಹೇಳಿಬಿಡ್ತೀನಿ. ಗುರುವಾರ ಲೀಗ್ ಸಮಿತಿಯವರ ವಿಚಾರಣೆ ಇದೆ. ಬೇಕು ಅಂತ ಮಾಡಿದ್ದು ಅಂತ ಆದ್ರೆ ಗೂಟನಿಗೆ ಎರಡು ವರ್ಷ ಆಟ ಇಲ್ಲ. ಆಟ ಇಲ್ಲ ಅಂದ್ರೆ ಗಿರಣಿ ಅವನನ್ನ ಇಟ್ಕೊಳ್ಳಲ್ಲ. ಇಬ್ರು ಮಕ್ಕಳವನು. ಇದೊಂದು ಕಾಗದ ಬರೆಸ್ಕೊಂಡು ಬಂದಿದೀನಿ, ಓದು. 'ಆಟದ ರಭಸದಲ್ಲಿ ಆದ ಆಕಸ್ಮಿಕ, ನನಗೆ ಯಾರ ಮೇಲೂ ದೂರಿಲ್ಲ.' ಕೆಳಗೆ ನಿನ್ನ ಸಹಿ. ನೀನೇ ಹಾಗಂದ್ರೆ ಆ ಟೀ ಅಂಗಡಿ ಗಲಾಟೇನೂ ನಿಲ್ಲುತ್ತೆ, ನಿನ್ನ ಕಾಲನ್ನ ಸಕ್ಕರೆ ಡಬ್ಬಕ್ಕೆ ಒರಗಿಸೋದೂ ನಿಲ್ಲುತ್ತೆ. ಅವನಿಗೆ ಶಿಕ್ಷೆ ಆದ್ರೆ ನಿನಗೇನು ಬಂತು ಹೇಳು. ಮುಂದಿನ ತಿಂಗಳ ಆಯ್ಕೆ ವಾಪಸ್ ಬರುತ್ತಾ? ದೊಡ್ಡ ಕ್ಲಬ್ಬಿನೋರು ನಿನಗೋಸ್ಕರ ಕಾಯ್ತಾರಾ? ಡಾಕ್ಟರು ಹೇಳಿದ್ದು ನೀನೂ ಕೇಳಿದೀಯ. ನಡೀಬಹುದು. ಓಡೋದು... ಓಡೋ ವಿಷಯ ಅವರು ಎತ್ತಲೇ ಇಲ್ಲ.

ಪೆನ್ನು ಇಲ್ಲಿದೆ.

ಯಾಕೋ, ಮತ್ತೆ ಅದೇ ನೋಟ. ಏನಿದೆ ನನ್ನ ಮುಖದಲ್ಲಿ?

ಪಟ್ಟಿ ವಿಷಯಾನಾ? ...ಅಯ್ಯೋ, ಅದು ನನಗೆ ಗೊತ್ತಿಲ್ವೇನೋ, ಕಟ್ಟಿದ್ದೇ ನಾನು. ಟೀ ಅಂಗಡಿಯೋರಿಗೆ ಅದನ್ನೆಲ್ಲ ಹೇಳಕ್ಕಾಗುತ್ತಾ? ಎರಡು ತಿಂಗಳ ಹಿಂದೆ ನೀನು ಬಸ್ ಮೆಟ್ಟಿಲಿಂದ ಜಾರಿದ್ದು, ಎಡಗಾಲಿನ ಪಾದದ ಕೀಲು ಉಳುಕಿದ್ದು, ಡಿಪೋದೋರಿಗೆ ಗೊತ್ತಾದ್ರೆ ತಂಡದಿಂದ ಕೈಬಿಡ್ತಾರೆ ಅಂತ ನೀನು ನನ್ನ ಅಡುಗೆಮನೇಲಿ ಕೂತು ಹಲ್ಲು ಕಚ್ಕೊಂಡು ಉಜ್ಜಿಸ್ಕೊಂಡಿದ್ದು... ಅದೆಲ್ಲ ನಮ್ಮ ನಮ್ಮಲ್ಲೇ. ನೋವಿರೋ ಎಡಗಾಲಿಗೆ ಸಾಕ್ಸ್ ಒಳಗೆ ತೆಳ್ಳಗೆ ಟೇಪು, ಗಟ್ಟಿಯಾಗಿರೋ ಬಲಗಾಲಿಗೆ ಮೇಲೆ ದಪ್ಪಗೆ ಪಟ್ಟಿ. ಹೊಡೆಯೋರು ಪಟ್ಟಿ ನೋಡಿ ಹೊಡೀಲಿ, ನೀನು ನಗ್ತಾ ಏಳು ಅಂತ. ಉಪಾಯ ನಂದು. ನಾನು ಎದುರು ತಂಡದ ನೀರಿನ ಬಕೆಟ್ ಹೊರೋನು ಅಂತ ಗೊತ್ತಿದ್ರೂ, ಪಂದ್ಯದ ದಿನ ಬೆಳಿಗ್ಗೆ ನೀನು ಬಂದು ಕಾಲು ಚಾಚಿದ್ದು ನನ್ನ ಮುಂದೇನೇ.

ಕೆಲಸಾನೂ ಮಾಡ್ತಲ್ಲ ಅದು. ಮೊದಲರ್ಧದಲ್ಲಿ ಗೂಟ ಮೂರು ಸಲ ಬಲಗಾಲಿಗೇ ಬಂದ. ಮೂರು ಸಲಾನೂ ನೀನು ಎದ್ದೆ. ಎರಡು ಗೋಲು ಹೊಡೆದೆ. ನಾನು ಗಿರಣಿಯೋರ ಬೆಂಚಲ್ಲಿ ಕೂತು, ಮುಖ ಗಂಟು ಹಾಕ್ಕೊಂಡು, ಒಳಗೊಳಗೇ ಕುಣೀತಿದ್ದೆ ಕಣೋ. ನಿಜವಾಗ್ಲೂ.

ಎರಡನೇ ಅರ್ಧದಲ್ಲಿ... ಹೌದು. ಎಡಗಾಲಿಗೆ ಬಂದ.

ನೀನು ಕುಂಟಿದ್ದು ನೋಡಿರ್ಬೇಕು. ಕುಂಟ್ಲಿಲ್ವಾ? ಹ್ಞಾಂ, ಕುಂಟ್ಲಿಲ್ಲ, ಸರಿ. ಹಂಗಾದ್ರೆ ಯಾರೋ ಹೇಳಿರ್ತಾರೆ. ಡಿಪೋದೋರೇ ಯಾರಾದ್ರೂ. ನಿಮ್ಮ ತಂಡದಲ್ಲಿ ನಿನ್ನ ಕಂಡ್ರೆ ಉರ್ಕೊಳ್ಳೋರು ಕಡಿಮೆ ಏನಿಲ್ಲ... ಅವರಿಗೂ ಗೊತ್ತಿರ್ಲಿಲ್ಲ. ಯಾರಿಗೂ ಗೊತ್ತಿರ್ಲಿಲ್ಲ. ನಿಮ್ಮಮ್ಮನಿಗೂ ಹೇಳ್ಬೇಡ ಅಂತ ನಾನೇ ಹೇಳಿದ್ದೆ.

ಏನಾದ್ರೂ ಮಾತಾಡೋ.

...ಅವತ್ತು ನೀನು ಬಿದ್ದಾಗ ಎಲ್ಲರಿಗಿಂತ ಮೊದಲು ಓಡಿ ಬಂದಿದ್ದು ನಾನು. ಔಷಧಿ ಚೀಲ ತಗೊಂಡು. ನೀನು ನನ್ನ ಕೈ ಹಿಡ್ಕೊಂಡು ಮುಖ ನೋಡ್ದೆ. ಆಮೇಲೆ ಕೈ ಬಿಟ್ಟು ಕಣ್ಣು ಮುಚ್ದೆ. ನೋವಿಗೆ ಅಂದ್ಕೊಂಡೆ ನಾನು. ಏಳು ದಿನದಿಂದ ನೋವಿಗೆ ಅಂತಾನೇ ಅಂದ್ಕೊಂಡು ಇದ್ದೀನಿ.

ಆಗಲೇ ಗೊತ್ತಾಯ್ತಾ ನಿಂಗೆ?

ಕೇಳು. ಕೇಳು ಅಂತೀನಿ, ಗೋಡೆ ಕಡೆ ತಿರುಗ್ಬೇಡ. ಹಾಫ್ ಟೈಮಲ್ಲಿ ಆ ಕೋಣೆ ಹೇಗಿತ್ತು ಗೊತ್ತಾ ನಿಂಗೆ? ಬೆವರು, ಒದ್ದೆ ಸಾಕ್ಸು, ಯಾರೋ ಮೂಲೇಲಿ ವಾಂತಿ ಮಾಡಿದ್ದು. ನಾನು ನೀರು ಹಂಚ್ತಾ ಇದ್ದೆ. ಹದಿನೈದು ವರ್ಷದಿಂದ ಹಂಚ್ತಾ ಇದ್ದೀನಿ, ಒಬ್ಬನೂ ನನ್ನ ಹೆಸರು ಹಿಡಿದು ಕರೆದಿಲ್ಲ. ಬಕೆಟ್. ಏ ಬಕೆಟ್, ಇಲ್ಲಿ ನೀರು. ಏ ಬಕೆಟ್, ಅಲ್ಲಿ ಟವೆಲ್ಲು. ಅವತ್ತು ಕ್ಯಾಪ್ಟನ್ ಹೇಳ್ದ, 'ಇವನ ಅಳಿಯ ನಮ್ಮನ್ನ ಕುಣಿಸ್ತಾ ಇದಾನೆ, ಇವನು ಯಾರ ಕಡೆಗೆ ನೀರು ಹೊರ್ತಾನೋ ಕೇಳ್ರೋ.' ಎಲ್ಲರೂ ನಕ್ರು. ಗೂಟ ಬೂಟು ಬಿಚ್ಕೊಂಡು ಕೂತಿದ್ದ. 'ಮೂರು ಸಲ ಕೊಟ್ಟೆ ಆ ಪಟ್ಟಿ ಕಾಲಿಗೆ, ಕಬ್ಬಿಣದ ಕಾಲು ಅವನದು' ಅಂದ.

ನಾನು ಅಂದೆ... ನಾನು ಬರೀ ಅಂದೆ, ಅಷ್ಟೇ. 'ಪಟ್ಟಿ ಕಟ್ಟಿರೋ ಕಾಲಿಗೆ ಹೊಡೆದ್ರೆ ಏನಾಗುತ್ತೆ' ಅಂತ.

ಕೋಣೆ ಪೂರ್ತಿ ನನ್ನ ಕಡೆ ತಿರುಗ್ತು ಅಳಿಯ. ಹನ್ನೊಂದು ತಲೆ. ಕ್ಯಾಪ್ಟನ್ ಎದ್ದು ನಿಂತು, 'ಏನಂದ್ರಿ? ಹೇಳಿ ಸಾರ್' ಅಂದ. ಸಾರ್ ಅಂದ ಕಣೋ. ಕೂರಕ್ಕೆ ಬೆಂಚಲ್ಲಿ ಜಾಗ ಮಾಡ್ದ. ನಾನು ಕೂತೆ. ಕೂತು... ಹೇಳಿದೆ. ಎಲ್ಲಿ ಉಳುಕಿದೆ, ಯಾವ ಕಡೆಯಿಂದ ಬಂದ್ರೆ ತಡೆಯಲ್ಲ, ಎಲ್ಲ. ಉಳುಕಿನ ಪಾಠ ಮಾಡಿದೆ ಅವರಿಗೆ. ಚೆನ್ನಾಗಿ ಹೇಳ್ದೆ. ನಾಲಿಗೆ ಜಾರಿತು ಅಂತ ನನಗೆ ನಾನೇ ಹೇಳ್ಕೊಳ್ತಿದ್ದೀನಲ್ಲ, ಸುಳ್ಳು. ಜಾರ್ಲಿಲ್ಲ. ಖುಷಿಯಾಗಿ ಹೇಳ್ದೆ. ಆ ಎರಡು ನಿಮಿಷ ನನಗೆ ಖುಷಿಯಾಗಿತ್ತು. ಟೀ ಅಂಗಡಿಯೋರನ್ನ ಅಸಹ್ಯ ಅಂದ್ನಲ್ಲ, ಅವರು ಬರೀ ನೋಡೋರು.

ಕಾಗದಾನೂ ಗೂಟನಿಗೋಸ್ಕರ ಅಲ್ಲ. ನಿನ್ನೆ ದವಾಖಾನೆಗೆ ಬಂದಿದ್ದ. 'ಎರಡು ವರ್ಷ ನಾನೊಬ್ಬನೇ ಅನುಭವಿಸಲ್ಲ, ಯಾರು ಹೇಳಿಕೊಟ್ರು ಅಂತ ಸಮಿತಿ ಮುಂದೆ ಹೇಳ್ತೀನಿ' ಅಂದ. ಸಮಿತಿ ಹಾಳಾಗ್ಲಿ, ಗಿರಣಿ ಹಾಳಾಗ್ಲಿ. ನಿಮ್ಮಮ್ಮ ಇದಾಳಲ್ಲ ಆಚೆ. ನಿಮ್ಮಪ್ಪ ಹೋದ ದಿನದಿಂದ 'ನನ್ನ ಮಗನಿಗೆ ಅಪ್ಪ ಅಂದ್ರೆ ನನ್ನ ತಮ್ಮ' ಅಂತ ಕಂಡೋರ ಹತ್ರ ಎಲ್ಲ ಹೇಳ್ಕೊಂಡು ಬಂದಿದಾಳೆ. ಅವಳಿಗೆ ಗೊತ್ತಾದ್ರೆ... ಅದಕ್ಕೆ ಬಂದೆ. ಅದೊಂದಕ್ಕೇ.

ಬೈಯೋ. ಒಂದು ಮಾತು ಬೈದುಬಿಡು, ಪುಣ್ಯ ಬರುತ್ತೆ. ಆ ನೀರಿನ ಲೋಟ ಎತ್ತಿ ಮುಖಕ್ಕೆ ಹೊಡಿ.

...ಏನ್ ಮಾಡ್ತಿದೀಯ? ಪೆನ್ನು ಯಾಕೆ... ಬೇಡ. ಈಗ ಬೇಡ ಕಣೋ. ನಾನು ಹೇಳಿದ್ದು ಸಹಿಗೋಸ್ಕರ ಅಲ್ಲ, ಅಳಿಯ, ಕೇಳು...

ಹಾಕೇಬಿಟ್ಯಾ.

ಅಮ್ಮನಿಗೋಸ್ಕರ? ಅವಳಿಗೆ ಇನ್ನು ಯಾರಿದಾರೆ ಅಂತ? ...ಹ್ಞೂಂ. ತಲೆ ಆಡಿಸಿದ್ದು ಸಾಕು, ಗೊತ್ತಾಯ್ತು. ನನಗೋಸ್ಕರ ಅಲ್ಲ ಅಂತಾನೂ ಗೊತ್ತಾಯ್ತು. ತುದಿಬೆರಳಲ್ಲಿ ತಳ್ಳಬೇಡ ಅದನ್ನ, ತಗೋತೀನಿ. ತಗೊಂಡೆ. ನೋಡು, ಮಡಚಿ ಜೇಬಿಗೂ ಇಟ್ಕೊಂಡೆ. ಹರಿದು ಹಾಕ್ತೀನೇನೋ ಅಂತ ಒಂದು ಕ್ಷಣ ಅನ್ನಿಸ್ತು ನನಗೇ. ಹರೀಲಿಲ್ಲ. ಇಂಥೋನು ನಾನು.

ಹೋಗ್ತೀನಿ. ಬಾಗಿಲು ತೋರಿಸ್ಬೇಡ, ಹೋಗ್ತೀನಿ.

ಅಕ್ಕ, ನಾನು ಹೊರಟೆ. ಇಲ್ಲ, ಟೀ ಬೇಡ, ಕುಡಿದು ಬಂದೆ. ಹೂಂ, ಸಹಿ ಹಾಕ್ದ. ಹೌದಕ್ಕ, ದೊಡ್ಡ ಮನಸ್ಸು ಅವನದು, ಬಾವನ ಹಾಗೇ. ...ನಾಳೆನಾ? ಇಲ್ಲ, ನಾಳೆಯಿಂದ ನಾನು ಬರಲ್ಲಕ್ಕ. ಪಟ್ಟಿ ಬದಲಾಯಿಸೋಕೆ ಆಸ್ಪತ್ರೆಯವರನ್ನೇ ಕರಿ. ಅವರಿಗೆ ಚೆನ್ನಾಗಿ ಬರುತ್ತೆ.